ಜುಲೈನಲ್ಲಿ ಸಾಹುಕಾರರ ಕೈಯಲ್ಲಿ ಎಷ್ಟಿರುತ್ತದೆ? ಪಾತ್ರಗಳ ಹಣ, ಕಸುಬಿನ ನಿಯಮಗಳನ್ನು ಆಡಿ ನೋಡಿದ ಹೋಲಿಕೆ

ಕೊಡಗಿನಲ್ಲಿ ತೋಟದವರ ಹಣ ವರ್ಷಕ್ಕೊಂದು ಸಲ ಬರುತ್ತದೆ. ಅರೇಬಿಕಾ ಕೊಯ್ಲು ನವೆಂಬರ್, ಡಿಸೆಂಬರಿಗೆ ಶುರುವಾಗಿ ರೋಬಸ್ಟಾ ಮುಗಿಯುವಾಗ ಮಾರ್ಚ್ ಆಗಿರುತ್ತದೆ. ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ ಕೊಟ್ಟ ಮೇಲೆ ಕೈಗೆ ಬಂದದ್ದರಲ್ಲೇ ಮುಂದಿನ ಕೊಯ್ಲಿನವರೆಗೆ ಗೊಬ್ಬರ, ಕೂಲಿ, ಮಕ್ಕಳ ಫೀಸು, ಮದುವೆ ಎಲ್ಲ ಕಳೆಯಬೇಕು. ಅದೇ ತೋಟದ ಲೈನ್ ಮನೆಯಲ್ಲಿರುವವರಿಗೆ ವಾರಕ್ಕೊಮ್ಮೆ ಬಟವಾಡೆ. ಲೆಕ್ಕ ಬರೆಯುವ ರೈಟರಿಗೆ ತಿಂಗಳ ಸಂಬಳ. ಈ ಮೂವರನ್ನೂ ಒಂದೇ ಆಟದಲ್ಲಿ ಪಾತ್ರಗಳಾಗಿ ಕೂರಿಸಿದರೆ ಹಣದ ಯಾವ ನಿಯಮ ಅವರಿಗೆ ನ್ಯಾಯ ಒದಗಿಸುತ್ತದೆ? ನಮ್ಮ ಗುಂಪು ಇದಕ್ಕೆ ಉತ್ತರ ಹುಡುಕಿದ್ದು ಆಡಿಯೇ. ಮಡಿಕೇರಿಯಲ್ಲಿ ಮಳೆ ಹಿಡಿದು ಕೂತರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಡುವುದಕ್ಕೆ ಸಮಯಕ್ಕೇನೂ ಬರವಿಲ್ಲ.

ನಮ್ಮ ಕಥೆ ನಡೆಯುವುದು 1920ರ ದಶಕದ ಕೊಡಗಿನಲ್ಲಿ. ಆಗ ಇಲ್ಲಿ ಚೀಫ್ ಕಮಿಷನರರ ಆಡಳಿತ. ಕಾಫಿ ಬೋರ್ಡ್ ಇನ್ನೂ ಹುಟ್ಟಿರಲಿಲ್ಲ. ಕಾಫಿ ಘಟ್ಟ ಇಳಿದು ಮಂಗಳೂರು, ತಲಶ್ಶೇರಿಯ ಕ್ಯೂರಿಂಗ್ ಕಾರ್ಖಾನೆಗಳಿಗೆ ಹೋಗುತ್ತಿತ್ತು. ರೈಲು ಅಂದೂ ಇಲ್ಲ, ಇಂದೂ ಇಲ್ಲ. ಪಾತ್ರಗಳು ನಾಲ್ಕು: ಜಮ್ಮಾ ಭೂಮಿಯ (ವಂಶಪಾರಂಪರ್ಯದ ಹಿಡುವಳಿ) ಒಕ್ಕದಿಂದ (ಕೊಡವರ ಕೂಡುಕುಟುಂಬ) ಬಂದ ತೋಟದ ಸಾಹುಕಾರ, ಆಳು ಕರೆತರುವ ಮೇಸ್ತ್ರಿ, ಎಸ್ಟೇಟ್ ರೈಟರ್, ತೆಂಕಣ ಕಾಡಿನ ಜೇನು ತೆಗೆಯುವವ. ಪ್ರತಿ ನಿಯಮಕ್ಕೂ ಒಂದೇ ಪರೀಕ್ಷೆ ಇಟ್ಟೆವು. ಜುಲೈ ತಿಂಗಳು, ಭಾಗಮಂಡಲದ ಕಡೆ ಹೋದ ಸರ್ವೆಯವನೊಬ್ಬ ವಾಪಸು ಬಂದಿಲ್ಲ. ಹುಡುಕಿ ಹೊರಡಬೇಕಾದರೆ ಲಾಟೀನು, ಸೀಮೆಎಣ್ಣೆ ಬೇಕು, ಒಂದು ವಾರಕ್ಕೆ ಎತ್ತಿನಗಾಡಿ ಬೇಕು, ಒಂದು ಕೋವಿ ಬೇಕು. ಕಥೆ ಬದಲಾಗಲಿಲ್ಲ, ಹಣದ ನಿಯಮವನ್ನಷ್ಟೇ ಬದಲಾಯಿಸುತ್ತಾ ಹೋದೆವು.

ಮೊದಲು ನಾಣ್ಯ ಎಣಿಸುವ ದಾರಿ, ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ದಾರಿ. 1974ರಿಂದ ಇದೇ ಎಲ್ಲರಿಗೂ ಗೊತ್ತಿರುವ ಪದ್ಧತಿ. ಐದನೇ ಆವೃತ್ತಿಯಲ್ಲಿ ಹತ್ತು ತಾಮ್ರಕ್ಕೆ ಒಂದು ಬೆಳ್ಳಿ, ಹತ್ತು ಬೆಳ್ಳಿಗೆ ಒಂದು ಚಿನ್ನ. ನಾವು ಅದನ್ನು ತೆಗೆದು ರೂಪಾಯಿ, ಆಣೆ, ಪೈ ಹಾಕಿಕೊಂಡೆವು: ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಇದರಲ್ಲಿ ಒಂದು ಸುಖ ಇದೆ, ಅದನ್ನು ಸಣ್ಣದೆಂದು ನಾನು ಹೇಳಲಾರೆ. ಜೇನಿನವನ ಹತ್ತಿರ ಒಂದು ಪಾವಲಿ ಮಾತ್ರ ಉಳಿದಿದೆ ಎಂದಾಗ ಆ ಪಾವಲಿಯ ಭಾರ ಮೇಜಿಗೆಲ್ಲ ಗೊತ್ತಾಗುತ್ತದೆ. ಅವನು ಎಣ್ಣೆ ಕೊಳ್ಳಬೇಕೋ ಉಪ್ಪು ಕೊಳ್ಳಬೇಕೋ ಎಂದು ಯೋಚಿಸುವಾಗ ಉಳಿದವರೂ ಸುಮ್ಮನಾಗುತ್ತಾರೆ.

ತೊಂದರೆ ಬರುವುದು ಕಸುಬಿನ ವಿಷಯದಲ್ಲಿ. 2014ರ ಪುಸ್ತಕದಲ್ಲಿ ಕುಲೀನ ಹಿನ್ನೆಲೆಯವನು 25 ಚಿನ್ನದ ನಾಣ್ಯದಿಂದ ಶುರು ಮಾಡಿದರೆ ಸನ್ಯಾಸಿ 5ರಿಂದ ಶುರು ಮಾಡುತ್ತಾನೆ. ಮೊದಲ ಗುಹೆಯಿಂದ ಹೊರಬರುವಷ್ಟರಲ್ಲಿ ಆ ವ್ಯತ್ಯಾಸ ಅಳಿಸಿಹೋಗಿರುತ್ತದೆ, ಆಮೇಲೆ ಕಸುಬಿಗೂ ಕಾಸಿಗೂ ಸಂಬಂಧವೇ ಇರುವುದಿಲ್ಲ. ನಮ್ಮ ಪರೀಕ್ಷೆಯಲ್ಲಿ ಇನ್ನೂ ವಿಚಿತ್ರ ಆಯಿತು. ನಾಲ್ವರಲ್ಲಿ ಅತಿ ಹೆಚ್ಚು ರೊಕ್ಕ ಇದ್ದವನು ಮೇಸ್ತ್ರಿ! ಆಳುಗಳಿಗೆ ಕೊಡಲು ತೋಟದಿಂದ ತಂದ ಮುಂಗಡ ಅವನ ಸೊಂಟದ ಚೀಲದಲ್ಲಿತ್ತು. ಪಾತ್ರದ ವಿವರ ಬರೆದಿಡುವ ಶೀಟಿನಲ್ಲಿ ಅದು ಅವನದೇ ಹಣ. ಅದು ಪರರ ಹಣ ಎಂದು ಬರೆದುಕೊಳ್ಳಲು ಶೀಟಿನಲ್ಲಿ ಜಾಗವೇ ಇಲ್ಲ. ನೂರೆಕರೆಯ ಸಾಹುಕಾರ ಅವನ ಮುಂದೆ ಬಡವನಂತೆ ನಿಂತಿದ್ದ. ಜೊತೆಗೆ ಪ್ರತಿ ವಸ್ತುವಿಗೂ ಬೆಲೆಪಟ್ಟಿ ಬೇಕು. ಆ ಕಾಲದ ಬೆಲೆ ಹುಡುಕುವುದರಲ್ಲೇ ಆಟ ನಡೆಸುವವರ ರಾತ್ರಿ ಹೋಗುತ್ತದೆ.

ಎರಡನೆಯದು ಕಾಲ್ ಆಫ್ ಕ್ತುಲು ಎಂಬ ಭಯಾನಕ ಕಥೆಗಳ ಆಟದ ಕ್ರೆಡಿಟ್ ರೇಟಿಂಗ್, ಅಂದರೆ ಪಾತ್ರದ ಹಣಬಲದ ಅಂಕ. 1920ರ ದಶಕವೇ ಆ ಆಟದ ಮನೆಯಂಗಳ, ಹಾಗಾಗಿ ನನಗೆ ಇದರ ಮೇಲೆ ನಿರೀಕ್ಷೆ ಜಾಸ್ತಿ ಇತ್ತು. ಏಳನೇ ಆವೃತ್ತಿಯಲ್ಲಿ ಇದು 0ರಿಂದ 99ರವರೆಗಿನ ಒಂದು ಕೌಶಲ. ಪ್ರತಿ ಕಸುಬಿಗೂ ಒಂದು ಮಿತಿ ಇದೆ: ಅಲೆಮಾರಿಗೆ 0ರಿಂದ 5, ರೈತನಿಗೆ 9ರಿಂದ 30, ಕೆಲಸವಿಲ್ಲದ ಶ್ರೀಮಂತನಿಗೆ 50ರಿಂದ 99. ಆ ಅಂಕ ಬೇಕಾದರೆ ಕಸುಬಿನ ಕೌಶಲಕ್ಕಿಟ್ಟ ಅಂಕಗಳಿಂದಲೇ ತೆಗೆದು ಹಾಕಬೇಕು. ಈ ಲೆಕ್ಕಾಚಾರ ಅಚ್ಚುಕಟ್ಟು: ದುಡ್ಡಿದ್ದವನಿಗೆ ಕೈಕಸುಬು ಸ್ವಲ್ಪ ಕಡಿಮೆ, ಕಸುಬು ಬಲ್ಲವನಿಗೆ ದುಡ್ಡು ಕಡಿಮೆ. ಅಂಕದಿಂದ ಮೂರು ಸಂಖ್ಯೆ ಹೊರಡುತ್ತವೆ. ಕೈಯಲ್ಲಿರುವ ನಗದು, ಆಸ್ತಿ, ಮತ್ತು ದಿನದ ಖರ್ಚಿನ ಮಟ್ಟ. ಆ ಮಟ್ಟದ ಒಳಗಿನ ಖರ್ಚನ್ನು ಬರೆದಿಡುವ ಅಗತ್ಯವೇ ಇಲ್ಲ. ಲಾಟೀನಿನ ಚರ್ಚೆ ಒಂದು ಮಾತಿನಲ್ಲಿ ಮುಗಿಯುತ್ತದೆ. ಆಟದ ಓಟಕ್ಕೆ ಇದಕ್ಕಿಂತ ಒಳ್ಳೆಯದು ನಾವು ನೋಡಿಲ್ಲ.

ಆದರೆ ಈ ಸಂಖ್ಯೆಗಳು ಅಮೆರಿಕದವು. ರೈಟರಿಗೆ 30 ಕೊಟ್ಟೆವು. ನಿಯಮದ ಪ್ರಕಾರ ನಗದು 60 ಡಾಲರ್, ಆಸ್ತಿ 1500, ದಿನದ ಖರ್ಚು 10. 1927ರಲ್ಲಿ ರೂಪಾಯಿಗೆ 1 ಶಿಲ್ಲಿಂಗ್ 6 ಪೆನ್ಸ್ ಎಂದು ನಿಗದಿಯಾಯಿತು; ಆ ಲೆಕ್ಕದಲ್ಲಿ ಡಾಲರಿಗೆ ಸುಮಾರು ಎರಡು ಮುಕ್ಕಾಲು ರೂಪಾಯಿ. ಅಂದರೆ ನಮ್ಮ ರೈಟರ್ ದಿನಕ್ಕೆ 27 ರೂಪಾಯಿ ಲೆಕ್ಕವಿಲ್ಲದೆ ಚೆಲ್ಲಬಹುದು. ಆ ಕಾಲದ ಕೊಡಗಿನಲ್ಲಿ ಅಂಥ ರೈಟರನ್ನು ಕಂಡರೆ ಸಾಹುಕಾರರು ಮೊದಲು ತೋಟದ ಲೆಕ್ಕಪುಸ್ತಕ ತರಿಸುತ್ತಿದ್ದರು. ಸಂಖ್ಯೆಯನ್ನು ಭಾಗಿಸಿ ಇಳಿಸಬಹುದು, ಇಳಿಸಿದೆವು. ಅದರ ಕೆಳಗಿರುವ ಇನ್ನೊಂದು ಸಮಸ್ಯೆ ಭಾಗಾಕಾರಕ್ಕೆ ಬಗ್ಗುವುದಿಲ್ಲ.

ಸಾಹುಕಾರನಿಗೆ 70 ಕೊಟ್ಟೆವು. ನಗದು 350, ಆಸ್ತಿ 35,000. ಆಸ್ತಿಯಲ್ಲಿ ಒಂದಿಷ್ಟು ಮಾರಿ ಹಣ ಮಾಡಿಕೊಳ್ಳಬಹುದು ಎಂಬುದು ಆ ನಿಯಮದ ಒಳಗಿನ ನಂಬಿಕೆ. ಜಮ್ಮಾ ಭೂಮಿ ಹಾಗಲ್ಲ. ಅದು ಒಕ್ಕದ್ದು, ಅರ್ಧ ಕಂದಾಯದ ಹಿಡುವಳಿ, ಆ ಕಾಲದಲ್ಲಿ ಮಾರುವ ಹಾಗಿರಲಿಲ್ಲ, ಒಬ್ಬನೇ ಪಾಲು ಕೇಳಿ ತೆಗೆದುಕೊಂಡು ಹೋಗುವ ಹಾಗೂ ಇರಲಿಲ್ಲ. ಅವನು ಆ ಭೂಮಿಯಿಂದಲೇ ದೊಡ್ಡವನು, ಆದರೆ ಆ ಭೂಮಿಯಿಂದ ಒಂದು ಗಾಡಿ ಬಾಡಿಗೆಗೂ ಜುಲೈನಲ್ಲಿ ಕಾಸು ಹುಟ್ಟುವುದಿಲ್ಲ. ಕೋವಿಯ ಕಥೆಯೂ ಅದೇ. ಬೇರೆ ಕಡೆ ಕೋವಿ ಎಂದರೆ ಬೆಲೆ, ಅಂಗಡಿ, ಲೈಸೆನ್ಸ್. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಕೋವಿ ಒಕ್ಕದ ಮೂಲಮನೆಯಾದ ಐನ್‌ಮನೆಯ ಗೋಡೆಯಲ್ಲಿ ಇರುತ್ತದೆ, ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಅದನ್ನು ತರಬೇಕಾದರೆ ಒಕ್ಕದ ಹಿರಿಯರನ್ನು ಕೇಳಬೇಕು. ನಮ್ಮ ಮೇಜಿನಲ್ಲಿ ಆ ದೃಶ್ಯವನ್ನು ಆಡಿಯೇ ತೀರಿಸಿದೆವು.

"ಅಜ್ಜ, ನಾಲ್ಕು ದಿನಕ್ಕೆ ಕೋವಿ ಬೇಕಿತ್ತು."

"ಎಂಥಕ್ಕೆ? ಯಾರ ಜೊತೆ ಹೋಗ್ತಿದ್ದೀಯ? ಅದನ್ನು ಮೊದಲು ಹೇಳು."

ಸರ್ವೆಯವನ ವಿಷಯ ಅಜ್ಜನಿಗೆ ಹೇಳಬೇಕೋ ಮುಚ್ಚಿಡಬೇಕೋ ಎನ್ನುವುದೇ ಆ ಸಂಜೆಯ ಅತಿ ಬಿಗಿಯಾದ ಕ್ಷಣವಾಯಿತು. ಕ್ರೆಡಿಟ್ ರೇಟಿಂಗ್‌ನಲ್ಲಿ ದಾಳ ಉರುಳಿಸಿದ್ದರೆ ಇದು ಬರುತ್ತಲೇ ಇರಲಿಲ್ಲ.

ಮೂರನೆಯದಾದ ಡಿ20 ಮಾಡರ್ನ್ 2002ರ ಆಟ. ಇಲ್ಲಿ ನಗದೇ ಇಲ್ಲ, ವೆಲ್ತ್ ಬೋನಸ್ ಎಂಬ ಒಂದೇ ಸಂಖ್ಯೆ. ನಾಲ್ಕು ಮುಖದ ಎರಡು ದಾಳ ಹಾಕಿ ಕಸುಬಿನ ಅಂಕ ಸೇರಿಸಬೇಕು: ಹಳ್ಳಿಗನಿಗೆ 1, ಆಫೀಸಿನವನಿಗೆ 3, ಕೆಲಸವಿಲ್ಲದ ಶ್ರೀಮಂತನಿಗೆ 6. ಬೆಲೆಯೂ ಒಂದು ಅಂಕವೇ. ಬೆಲೆ ನಿಮ್ಮ ಸಂಖ್ಯೆಯ ಒಳಗಿದ್ದರೆ ವಸ್ತು ನಿಮ್ಮದು. ಮೀರಿದ್ದರೆ ಇಪ್ಪತ್ತು ಮುಖದ ದಾಳ. ನಮ್ಮ ಸಾಹುಕಾರನ ಸಂಖ್ಯೆ 8, ಗಾಡಿಗೆ ನಾವಿಟ್ಟ ಬೆಲೆ 16. ದಾಳದಲ್ಲಿ 8 ಅಥವಾ ಹೆಚ್ಚು ಬಿದ್ದರೆ ಗಾಡಿ ಸಿಗುತ್ತದೆ. ಬೆಲೆ ಮೀರಿದ್ದಕ್ಕೆ ಒಂದಂಕ, 15 ದಾಟಿದ್ದಕ್ಕೆ ಇನ್ನೊಂದಂಕ ಕಳೆದು 6ಕ್ಕೆ ಇಳಿಯುತ್ತಾನೆ. ದೊಡ್ಡ ಖರೀದಿ ಮೈಗೆ ತಾಗುತ್ತದೆ, ಇದು ಮೆಚ್ಚುವಂಥದ್ದು. ಆದರೆ 8ರ ಒಳಗಿನ ಬೆಲೆಯ ಲಾಟೀನನ್ನು ಎಷ್ಟು ಸಲ ಕೊಂಡರೂ ಏನೂ ಕಳೆಯುವುದಿಲ್ಲ. ಇಳಿದ ಸಂಖ್ಯೆ ಏರುವುದು ಪಾತ್ರದ ಲೆವೆಲ್ ಏರಿದಾಗ. ಸರ್ವೆಯವನನ್ನು ಹುಡುಕಿದ್ದಕ್ಕೂ ಕಾಫಿ ಹಣ್ಣಾಗುವುದಕ್ಕೂ ಏನು ಸಂಬಂಧ? ಬೆಂಗಳೂರಿನ ಇಂದಿನ ಕಥೆಯಾಗಿದ್ದರೆ ನಾನಿದನ್ನೇ ಆರಿಸುತ್ತಿದ್ದೆ. ತೋಟಕ್ಕೆ ಒಗ್ಗಲಿಲ್ಲ.

ವಾರ್‌ಹ್ಯಾಮರ್ ಫ್ಯಾಂಟಸಿ ರೋಲ್‌ಪ್ಲೇ ಕಸುಬಿಗೆ ಕೊಡುವ ಮರ್ಯಾದೆ ಬೇರಾವ ಆಟವೂ ಕೊಡುವುದಿಲ್ಲ. ನಾಲ್ಕನೇ ಆವೃತ್ತಿಯ ಮೂಲ ಪುಸ್ತಕದಲ್ಲಿ 64 ಕಸುಬುಗಳಿವೆ, ಒಂದೊಂದಕ್ಕೂ ನಾಲ್ಕು ಮೆಟ್ಟಿಲು. ಸ್ಥಾನಮಾನ ಮೂರು ಬಗೆ: ಹಿತ್ತಾಳೆ, ಬೆಳ್ಳಿ, ಚಿನ್ನ. ಮಟ್ಟಕ್ಕೆ ತಕ್ಕಂತೆ ವಾರದ ಗಳಿಕೆ ಬರುತ್ತದೆ, ಇನ್ನೊಬ್ಬರು ನಿಮ್ಮ ಜೊತೆ ಮಾತಾಡುವ ರೀತಿಯೂ ಅದರಿಂದಲೇ ತೀರ್ಮಾನ. ಬಟವಾಡೆಯವರಿಗೆ ಇದು ಅಳತೆ ತೆಗೆದು ಹೊಲಿದಂತಿತ್ತು. ವಾರದ ಕೂಲಿ, ಮಡಿಕೇರಿಯ ಶುಕ್ರವಾರದ ಸಂತೆ, ಶನಿವಾರಕ್ಕೆ ಕೈ ಖಾಲಿ. ಲೈನ್ ಮನೆಯ ಬದುಕು ನಿಯಮದೊಳಗೆ ತಾನಾಗಿ ಬಂತು. ಒಂದು ಸಾಹಸಕ್ಕೂ ಮುಂದಿನದಕ್ಕೂ ನಡುವೆ, ಜೋಪಾನ ಮಾಡದ ಹಣ ಖರ್ಚಾಗಿ ಹೋಗುತ್ತದೆ ಎಂಬ ನಿಯಮವೂ ಸತ್ಯಕ್ಕೆ ಹತ್ತಿರ. ಸಾಹುಕಾರನಿಗೆ ಮಾತ್ರ ವಾರವಾರ ಚಿನ್ನ ಬರತೊಡಗಿತು. ಜುಲೈನಲ್ಲಿ!

ಈ ನಾಲ್ಕೂ ಆಟಗಳು "ನಿನ್ನ ಹತ್ತಿರ ಎಷ್ಟಿದೆ?" ಎಂದು ಕೇಳುತ್ತವೆ. ಇಲ್ಲಿ ಕೇಳಬೇಕಾದದ್ದು ಹಣ ಯಾವಾಗ ಬರುತ್ತದೆ, ಅಲ್ಲಿಯವರೆಗೆ ಯಾರು ನಂಬಿ ಕೊಡುತ್ತಾರೆ ಎಂದು. ಸಾಲವನ್ನು ಕಥೆಯ ಎಂಜಿನ್ ಮಾಡಿಕೊಂಡ ಆಟ ನನಗೆ ಗೊತ್ತಿರುವುದು 1977ರ ಟ್ರಾವೆಲರ್. ಅದರಲ್ಲಿ ಅಂತರಿಕ್ಷ ನೌಕೆಯ ಬೆಲೆಯ 240ನೇ ಒಂದು ಪಾಲನ್ನು ತಿಂಗಳಿಗೊಮ್ಮೆ, 480 ತಿಂಗಳು ಕಟ್ಟಬೇಕು. ಆ ಕಂತಿಗಾಗಿಯೇ ಪಾತ್ರಗಳು ಊರೂರು ತಿರುಗುತ್ತವೆ. ಆ ಬೀಜವನ್ನು ತೆಗೆದುಕೊಂಡು ನಾವು ನಮ್ಮದೇ ನಿಯಮ ಕಟ್ಟಿದೆವು.

ಶೀಟಿನಲ್ಲಿ ಮೂರು ಸಾಲು: ಕೈ, ನಂಬಿಕೆ, ಮನೆ. ಕೈ 0ರಿಂದ 5, ನಂಬಿಕೆ 1ರಿಂದ 5. ಮನೆ ಎಂಬಲ್ಲಿ ಮಾರಲಾಗದ್ದನ್ನು ಬರೆಯುವುದು: ಒಕ್ಕದ ಭೂಮಿ, ಕೋವಿ, ಜೇನಿನವನಿಗೆ ಕಾಡಿನ ದಾರಿಯ ತಿಳಿವಳಿಕೆ. ವರ್ಷಕ್ಕೆ ನಾಲ್ಕು ಕಾಲ: ಕೊಯ್ಲು, ಕಾಫಿ ಹೂಬಿಡಿಸುವ ಹೂಮಳೆ, ಮಳೆಗಾಲ, ಹೊಸ ಭತ್ತದ ಹಬ್ಬವಾದ ಪುತ್ತರಿ. ಸಾಹುಕಾರನ ಕೈ ಕೊಯ್ಲು ಮುಗಿದಾಗ 5, ಆಮೇಲೆ ಪ್ರತಿ ಕಾಲಕ್ಕೂ ಎರಡು ಇಳಿಯುತ್ತದೆ. ಹೂಮಳೆಗೆ 3, ಮಳೆಗಾಲಕ್ಕೆ 1, ಪುತ್ತರಿಗೆ ಸೊನ್ನೆ. ರೈಟರಿಗೆ ವರ್ಷವಿಡೀ 2. ಮೇಸ್ತ್ರಿಗೆ 1, ಜೊತೆಗೆ "ಪರರ ಹಣ" ಎಂಬ ಪ್ರತ್ಯೇಕ ಪೆಟ್ಟಿಗೆ. ಅದನ್ನು ಮುಟ್ಟಬಹುದು, ಮುಟ್ಟಿದರೆ ನಂಬಿಕೆ ಒಂದು ಇಳಿಯುತ್ತದೆ. ಜೇನಿನವನಿಗೆ ಜೇನಿನ ಕಾಲದಲ್ಲಿ 2, ಉಳಿದಂತೆ 0.

ವಸ್ತುವಿಗೂ 1ರಿಂದ 5. ಕೈಗಿಂತ ಕಡಿಮೆಯಾದರೆ ಕೊಳ್ಳಿ, ಸಮವಾದರೆ ಕೊಂಡು ಕೈ ಒಂದು ಇಳಿಸಿ. ಮೀರಿದರೆ ಆರು ಮುಖದ ದಾಳ: ನಂಬಿಕೆಯಷ್ಟು ಅಥವಾ ಕಡಿಮೆ ಬಿದ್ದರೆ ಅಂಗಡಿಯವನು ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ, ಶೀಟಿನಲ್ಲಿ ಒಂದು ಗೀಟು. ಕೈಗೆ ಹಣ ಬಂದಾಗ ಗೀಟಿಗೊಂದು ಅಂಕ ಕೊಟ್ಟು ಅಳಿಸಬೇಕು, ಅಳಿಸದಿದ್ದರೆ ನಂಬಿಕೆ ಇಳಿಯುತ್ತದೆ.

ಅದೇ ಜುಲೈ. ಲಾಟೀನನ್ನು ರೈಟರ್ ತನ್ನ ಸಂಬಳದಲ್ಲೇ ಕೊಂಡ. ಗಾಡಿಯ ಮಟ್ಟ 3, ಸಾಹುಕಾರನ ಕೈ 1, ನಂಬಿಕೆ 5. ದಾಳ 4. ಗಾಡಿಯವನು, "ಕಾಫಿ ಕೊಟ್ಟ ಮೇಲೆ ನೋಡುವ ಸಾಹುಕಾರ್ರೇ, ಈಗ ತಕೊಂಡು ಹೋಗಿ" ಎಂದ. ಒಂದು ಗೀಟು. ಎರಡು ಆಟ ಕಳೆದ ಮೇಲೆ ಅದೇ ಗಾಡಿಯವನು ಬಂದು, ಮಗನನ್ನು ತೋಟದಲ್ಲಿ ಕೆಲಸಕ್ಕೆ ಹಾಕಿಕೊಳ್ಳಿ ಎಂದು ಕೇಳಿದ. ಗೀಟು ಇರುವಾಗ ಇಲ್ಲ ಎನ್ನುವುದು ಹೇಗೆ? ಹುಡುಗ ತೋಟಕ್ಕೆ ಬಂದ, ಕಥೆ ಅವನ ಬೆನ್ನು ಹಿಡಿದು ಹೋಯಿತು. ನಮ್ಮ ಗುಂಪಿನಲ್ಲಿ ನಿಜಕ್ಕೂ ತೋಟ ಇರುವ ಗೆಳೆಯ ಮೊದಲ ಸಲ ಹಣದ ನಿಯಮದ ಬಗ್ಗೆ ತಕರಾರು ತೆಗೆಯದೆ ಆಡಿದ.

ಇದು ಎಲ್ಲರಿಗೂ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಕ್ಯಾಲೆಂಡರ್ ಇಟ್ಟು ತಿಂಗಳು ಓಡಿಸುವ ಉದ್ದನೆಯ ಕಥೆ ಬೇಕು. ಒಂದೇ ರಾತ್ರಿಯಲ್ಲಿ ಮುಗಿಯುವ ಆಟಕ್ಕೆ ಗೀಟು ಹಾಕಿ ಪ್ರಯೋಜನವಿಲ್ಲ, ಅದಕ್ಕೆ ಕ್ರೆಡಿಟ್ ರೇಟಿಂಗನ್ನೇ ಡಾಲರ್ ಬಿಟ್ಟು ಬಳಸಿ. ಆಟಗಾರರೆಲ್ಲ ಕೂಲಿಯ ಪಾತ್ರಗಳನ್ನೇ ಆರಿಸಿಕೊಂಡರೆ ವಾರ್‌ಹ್ಯಾಮರಿನ ವಾರದ ಗಳಿಕೆ ಸಾಕು. ಜೇನಿನವನ ಪಾತ್ರ ನಮ್ಮ ನಿಯಮದಲ್ಲೂ ಇನ್ನೂ ಸೊರಗಿದೆ. ನಂಬಿಕೆ 1 ಇರುವವನಿಗೆ ಪೇಟೆಯಲ್ಲಿ ಆರರಲ್ಲಿ ಐದು ಸಲ ಬಾಗಿಲು ಮುಚ್ಚುತ್ತದೆ. ಅದಕ್ಕೇ ಈಗ ನಂಬಿಕೆಯನ್ನು ಎರಡು ಭಾಗ ಮಾಡಿದ್ದೇವೆ, ಪೇಟೆಯದು ಒಂದು, ಕಾಡಂಚಿನದು ಒಂದು. ಕಾಡಂಚಿನಲ್ಲಿ ಅವನದು 5, ಸಾಹುಕಾರನದು 2.

ಕಥೆ ಈಗ 1930ಕ್ಕೆ ಬಂದು ನಿಂತಿದೆ. ಲೋಕವೆಲ್ಲ ಆರ್ಥಿಕ ಕುಸಿತ, ಕಾಫಿ ಬೆಲೆ ಬಿದ್ದ ಕಾಲ. ಈ ಕೊಯ್ಲಿಗೆ ಸಾಹುಕಾರನ ಕೈ 5ಕ್ಕೆ ಏರುವುದಿಲ್ಲ, 2ಕ್ಕೆ ನಿಲ್ಲುತ್ತದೆ ಎಂದು ತೀರ್ಮಾನಿಸಿದ್ದೇವೆ. ಅವನ ಶೀಟಿನಲ್ಲಿ ನಾಲ್ಕು ಗೀಟುಗಳಿವೆ. ಯಾವ ಎರಡನ್ನು ಅಳಿಸುತ್ತಾನೆ, ಅಂಗಡಿಯದೋ, ಗಾಡಿಯವನದೋ, ಮೇಸ್ತ್ರಿಯದೋ, ಅದನ್ನು ಅವನೇ ಮುಂದಿನ ಆಟದಲ್ಲಿ ಹೇಳಬೇಕು.