ಕೆರಿಬಿಯನ್ ಕ್ರೂಸ್ ಹೇಗಿತ್ತು ಅಂತ ಕೇಳುತ್ತಿರುವ ಎಲ್ಲರಿಗೂ

ಊರಿಗೆ ಬಂದಾಗಿನಿಂದ ಇದೇ ಪ್ರಶ್ನೆ. ಡೊಂಬಿವಲಿ ಸ್ಟೇಷನ್‌ನಲ್ಲಿ ಸಿಕ್ಕವರು ಕೇಳುತ್ತಾರೆ, ಮಾಟುಂಗಾದಲ್ಲಿ ಹೂವು ಕೊಳ್ಳುವಾಗ ಸಿಕ್ಕವರು ಕೇಳುತ್ತಾರೆ, ಸೊಸೈಟಿಯ ವಾಚ್‌ಮನ್ ಕೂಡ ಕೇಳಿದ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಒಂದೇ ಸಲ ಬರೆದು ಮುಗಿಸುತ್ತಿದ್ದೇನೆ. ಹಡಗಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ದ್ವೀಪಗಳಿಗೆ ಮೂರು. ಬುಕಿಂಗ್ ಮಾಡಿಕೊಟ್ಟ ಮುಂಬಯಿಯ ಏಜೆಂಟರಿಗೆ ಒಂದು, ಅದೂ ಆಫೀಸಿನಲ್ಲಿ ಒಳ್ಳೆ ಚಹಾ ಕೊಟ್ಟಿದ್ದಕ್ಕೆ.

ನಾವು ಹೋಗಿದ್ದು ಮಯಾಮಿಯಿಂದ ಹೊರಟು ಮಯಾಮಿಗೇ ವಾಪಸ್ ಬರುವ ಏಳು ರಾತ್ರಿಯ ಪಶ್ಚಿಮ ಕೆರಿಬಿಯನ್ ಕ್ರೂಸ್. ಮಧ್ಯೆ ಮೆಕ್ಸಿಕೋದ ಕೊಸುಮೆಲ್, ಗ್ರಾಂಡ್ ಕೇಮನ್, ಜಮೈಕಾದ ಓಚೋ ರಿಯೋಸ್. ಒಟ್ಟು ಮೂರು ಜೋಡಿ: ನಾನು ಮತ್ತು ನಮ್ಮವರು, ಗೋರೆಗಾಂವ್‌ನ ಅಕ್ಕ-ಭಾವ (ರಕ್ತಸಂಬಂಧ ಏನಿಲ್ಲ, ಕರೆದು ಕರೆದು ರೂಢಿ), ಮತ್ತೆ ನಮ್ಮವರ ಜೊತೆ ಬ್ಯಾಂಕಿನಲ್ಲಿದ್ದ ಪುಣೆಯ ಸ್ನೇಹಿತರು, ಅವರ ಹೆಂಡತಿ. ಕಂಪನಿಯ ಹೆಸರು ಬರೆಯುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ.

ವೀಸಾ ವಿಷಯ ಚಿಕ್ಕದಾಗಿ. ಅಮೆರಿಕದ ವೀಸಾ ಬೇಕೇ ಬೇಕು, ಅದೂ ಮಲ್ಟಿಪಲ್ ಎಂಟ್ರಿ, ಯಾಕಂದರೆ ಹಡಗು ಹತ್ತಿದ ಮೇಲೆ ನೀವು ಅಮೆರಿಕ ಬಿಟ್ಟು ಮತ್ತೆ ಒಳಗೆ ಬರುತ್ತೀರಿ. ಅದಿದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಮುಂಬಯಿಯಿಂದ ಮಯಾಮಿಗೆ ನೇರ ವಿಮಾನ ಇಲ್ಲ. ನ್ಯೂಯಾರ್ಕ್ ಅಥವಾ ಗಲ್ಫ್ ಕಡೆಯಿಂದ ಸುತ್ತಿ ಹೋಗಬೇಕು. ಒಂದು ದಿನ ಮುಂಚೆಯೇ ಮಯಾಮಿ ಸೇರಿಕೊಳ್ಳಿ. ನಿಮ್ಮ ವಿಮಾನ ತಡವಾಯಿತು ಅಂತ ಹಡಗು ಕಾಯುವುದಿಲ್ಲ.

ಈಗ ದುಡ್ಡಿನ ಮಾತು. ಏಜೆಂಟರು "ಎಲ್ಲಾ ಸೇರಿ" ಅಂದಿದ್ದರು. ಎಲ್ಲಾ ಅಂದರೆ ಕೋಣೆ, ಊಟ, ರಾತ್ರಿಯ ಶೋ, ಈಜುಕೊಳ. ಅಷ್ಟೇ. ಅದರ ಮೇಲೆ ಟಿಪ್ಸ್ ಅಂತ ಒಬ್ಬೊಬ್ಬರ ಲೆಕ್ಕಕ್ಕೆ ದಿನಕ್ಕೆ 16ರಿಂದ 20 ಡಾಲರ್ ತಾನಾಗಿಯೇ ಬೀಳುತ್ತದೆ. ಗಂಡ-ಹೆಂಡತಿಗೆ ವಾರಕ್ಕೆ 250 ಡಾಲರ್ ಹತ್ತಿರ ಅಂತ ಇಟ್ಟುಕೊಳ್ಳಿ. ಇದನ್ನು ಮುಂಬಯಿಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ವೈಫೈ ಬೇರೆ, ಅದೂ ಒಂದು ಫೋನಿಗೆ ದಿನಕ್ಕೆ 20 ಡಾಲರ್ ಆಸುಪಾಸು. ಬೇಡ ಅಂದರೆ ಹಡಗು ಹೊರಡುವ ಮುಂಚೆಯೇ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಸಮುದ್ರದ ಮಧ್ಯದ ರೋಮಿಂಗ್ ಬಿಲ್ ನೋಡಿ ಎದೆ ಹಿಡಿದುಕೊಳ್ಳಬೇಕಾಗುತ್ತದೆ. ಬಫೆಯ ಕಾಫಿ ಪುಕ್ಕಟೆ, ಆದರೆ ಅದು ಕಾಫಿಯ ಬಣ್ಣದ ಬಿಸಿನೀರು. ಕುಡಿಯುವಂಥ ಕಾಫಿಗೆ ಕೆಳಗಿನ ಕೆಫೆಗೆ ಹೋಗಿ ದುಡ್ಡು ಕೊಡಬೇಕು.

ಪುಣೆಯವರಿಗೆ ಸಂಜೆ ಎರಡು ಪೆಗ್ ಬೇಕು. ಅವರ ಹೆಂಡತಿ ನಿಂಬೆ ಶರಬತ್ತಿನ ಆಚೆ ಹೋದವರಲ್ಲ. ಡ್ರಿಂಕ್ಸ್ ಪ್ಯಾಕೇಜ್ ತಗೊಳ್ಳೋಣ ಅಂತ ಹೋದರೆ, ಒಂದೇ ಕೋಣೆಯಲ್ಲಿರುವ ದೊಡ್ಡವರೆಲ್ಲ ತಗೊಳ್ಳಲೇಬೇಕು ಅಂತ ನಿಯಮ. ಹಲವು ಕಂಪನಿಗಳಲ್ಲಿ ಇದು ಹೀಗೇ ಇದೆ. ನಿವೃತ್ತ ಬ್ಯಾಂಕಿನವರಲ್ವಾ, ಕೂತು ಲೆಕ್ಕ ಹಾಕಿದರು, ಬಿಡಿ ಬಿಡಿಯಾಗಿ ಕುಡಿಯುವುದೇ ಲಾಭ ಅಂತ ತೀರ್ಮಾನವಾಯಿತು. ಇನ್ನು ಮುಂಬಯಿಯಲ್ಲಿ ಪ್ಯಾಕೇಜ್ ಕೊಳ್ಳುವಾಗ ಟಿಸಿಎಸ್ ಅಂತ ಮುಂಚೆಯೇ ತೆರಿಗೆ ಹಿಡಿಯುತ್ತಾರಲ್ಲ, ಅದು ಹೋದ ದುಡ್ಡಲ್ಲ, ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಅದರ ಕಾಗದ ಜೋಪಾನ.

ಹತ್ತುವಾಗಲೇ ಒಂದು ತಮಾಷೆ ಆಯಿತು. ಗೋರೆಗಾಂವ್ ಅಕ್ಕ ಸೂಟ್‌ಕೇಸಿನಲ್ಲಿ ಕರೆಂಟಿನ ಕೆಟಲ್ ಇಟ್ಟಿದ್ದರು. ಬೆಂಕಿಯ ಭಯಕ್ಕೆ ಹಡಗಿನ ಕೋಣೆಯಲ್ಲಿ ಕೆಟಲ್, ಇಸ್ತ್ರಿ ಪೆಟ್ಟಿಗೆ, ಅನ್ನದ ಕುಕ್ಕರ್ ಯಾವುದಕ್ಕೂ ಅವಕಾಶ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿಬಿತ್ತು. ಒಂದು ಚೀಟಿ ಕೊಟ್ಟು ಎತ್ತಿಟ್ಟುಕೊಂಡರು, ಇಳಿಯುವ ದಿನ ವಾಪಸ್ ಕೊಟ್ಟರು. ಬಿಸಿನೀರು ಬಫೆಯ ಮಷೀನಿನಲ್ಲಿ ಹಗಲೂ ರಾತ್ರಿಯೂ ಸಿಗುತ್ತದೆ, ಆದರೆ ಅಕ್ಕನ ಪ್ರಕಾರ ಅದು "ಕುದ್ದ ನೀರಲ್ಲ".

ಹೊರಡುವ ಮುಂಚೆ ಎಲ್ಲರೂ ತಮ್ಮ ತಮ್ಮ ಅಸೆಂಬ್ಲಿ ಸ್ಟೇಷನ್ (ಅಪಾಯ ಬಂದರೆ ಸೇರಬೇಕಾದ ಜಾಗ) ನೋಡಿಬರಬೇಕು, ಲೈಫ್ ಜಾಕೆಟ್ ಹೇಗೆ ಹಾಕುವುದು ಅಂತ ತೋರಿಸುತ್ತಾರೆ. 2012ರಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಮುಳುಗಿದ ಮೇಲೆ ಇದನ್ನು ಬಿಗಿ ಮಾಡಿದ್ದಾರೆ. ಸುಮ್ನೆ ಮುಗಿಸಿಬಿಡಿ, ತಪ್ಪಿಸಿಕೊಂಡರೆ ಹೆಸರು ಹಿಡಿದು ಕೂಗುತ್ತಾರೆ.

ಕೋಣೆ ಚಿಕ್ಕದು, ಆದರೆ ಜಾಣತನದಿಂದ ಕಟ್ಟಿದ್ದಾರೆ. ಮಂಚದ ಕೆಳಗೆ ದೊಡ್ಡ ಸೂಟ್‌ಕೇಸ್ ಹೋಗುತ್ತದೆ. ನಾವು ಕಿಟಕಿ ಇಲ್ಲದ ಒಳಗಿನ ಕೋಣೆ ತಗೊಂಡಿದ್ದೆವು, ದೀಪ ಆರಿಸಿದರೆ ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ, ನಮ್ಮವರು ಹಾಯಾಗಿ ಮಲಗಿದರು. ಪುಣೆಯವರು ಜಾಸ್ತಿ ಕೊಟ್ಟು ಬಾಲ್ಕನಿ ಕೋಣೆ ತಗೊಂಡರು. ಅದು ಸರಿಯಾಗಿ ಈಜುಕೊಳದ ಡೆಕ್ ಕೆಳಗೆ. ಬೆಳಗಿನ ಜಾವಕ್ಕೇ ಮೇಲೆ ಕುರ್ಚಿ ಎಳೆಯುವ ಸದ್ದು, ಕಿರ್ ಅಂತ. ಬುಕ್ ಮಾಡುವಾಗ ಡೆಕ್ ನಕ್ಷೆ ತೆಗೆದು, ಮೇಲೂ ಕೆಳಗೂ ಬೇರೆ ಕೋಣೆಗಳೇ ಇರುವ, ಹಡಗಿನ ನಡುಭಾಗದ ಕೋಣೆ ಕೇಳಿ. ತೂಗಾಟವೂ ಅಲ್ಲಿ ಕಡಿಮೆ.

ಊಟಕ್ಕೆ ಬರುತ್ತೇನೆ, ನಮ್ಮ ಜನ ಹೆಚ್ಚು ಕೇಳುವುದು ಇದನ್ನೇ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಬಫೆಯಲ್ಲಿ ಒಂದು ಮೂಲೆಯಲ್ಲಿ ದಾಲ್, ಅನ್ನ, ಒಂದು ಪಲ್ಯ ಇದ್ದೇ ಇರುತ್ತಿತ್ತು. ಆದರೆ ಒಳ್ಳೆ ಊಟ ಬೇಕಾದರೆ ದೊಡ್ಡ ಡೈನಿಂಗ್ ಹಾಲಿಗೇ ಹೋಗಬೇಕು, ಹಿಂದಿನ ರಾತ್ರಿಯೇ ಹೆಡ್ ವೇಟರ್‌ಗೆ ಹೇಳಬೇಕು. ಜೈನರ ಊಟವನ್ನೂ ಮಾಡಿಕೊಡುತ್ತಾರೆ. ಏಜೆಂಟರು ಆರು ಜನಕ್ಕೂ ಒಂದೇ ಮೇಜು, ಭಾರತೀಯ ಊಟ, ಎಲ್ಲಾ ಮುಂಚೆಯೇ ಹೇಳಿದ್ದೇವೆ ಅಂದಿದ್ದರು. ಹೋಗಿ ನೋಡಿದರೆ ನಮ್ಮನ್ನು ಮೂರು ಕಡೆ ಹಂಚಿದ್ದರು, ಊಟದ ಬಗ್ಗೆ ಒಂದಕ್ಷರ ಹೇಳಿರಲಿಲ್ಲ.

ಅದನ್ನು ಸರಿ ಮಾಡಿದ್ದು ಗೋವಾದ ಸಾಲ್ಸೆಟ್ ಕಡೆಯ ಹೆಡ್ ವೇಟರ್. ನಾನು ಕುಮಟಾದವಳು, ಮನೆಮಾತು ಕೊಂಕಣಿ. ಅವರ ಎದೆಯ ಬಿಲ್ಲೆ ಮೇಲೆ ಹೆಸರಿನ ಕೆಳಗೆ ಇಂಡಿಯಾ ಅಂತ ಬರೆದಿತ್ತು, ಹೆಸರು ನೋಡಿ ಅಂದಾಜಾಗಿ ಕೊಂಕಣಿಯಲ್ಲೇ ಊರು ಕೇಳಿದೆ. ಆ ಮನುಷ್ಯ ಕೈಯಲ್ಲಿದ್ದ ತಟ್ಟೆಗಳನ್ನು ಪಕ್ಕಕ್ಕೆ ಇಟ್ಟು ನಿಂತುಬಿಟ್ಟರು. ಮರುದಿನದಿಂದ ಕಿಟಕಿ ಪಕ್ಕದ ಆರು ಜನರ ಮೇಜು ನಮ್ಮದು. ಅವರ ತಂದೆಯೂ ಹಡಗಿನಲ್ಲೇ ಇದ್ದವರಂತೆ. ಕೆಲಸದ ಕಾಗದಕ್ಕೆ ಕಾಯುವಾಗ ಮುಂಬಯಿಯಲ್ಲಿ ಇಬ್ಬರೂ ಇಳಿದುಕೊಳ್ಳುತ್ತಿದ್ದದ್ದು ಧೋಬಿ ತಲಾವ್‌ನ ಕೂಡ್‌ನಲ್ಲಿ. ಗೋವಾದ ಒಂದೊಂದು ಊರಿನವರೂ ತಮ್ಮೂರ ಹಡಗಿನ ಕೆಲಸದವರಿಗೆ ಅಂತ ಕಟ್ಟಿಕೊಂಡ ಛತ್ರಗಳು ಅವು. ಮೆಟ್ರೋ ಸಿನೆಮಾದ ಹತ್ತಿರ ನಾನು ಎಷ್ಟು ಸಲ ಓಡಾಡಿದ್ದೇನೋ, ಪಕ್ಕದಲ್ಲೇ ಇಂಥದ್ದಿದೆ ಅಂತ ಕೇಮನ್ ದಾರಿಯಲ್ಲಿ ತಿಳಿಯಿತು.

ಒಂದು ಕಾಂಟ್ರಾಕ್ಟ್ ಅಂದರೆ ಆರರಿಂದ ಒಂಬತ್ತು ತಿಂಗಳು, ವಾರದ ರಜೆ ಅಂತ ಇಲ್ಲ, ಏಳೂ ದಿನ ಕೆಲಸ. ಇದನ್ನು ಕೇಳಿದ ಮೇಲೆ, ಟಿಪ್ಸ್ ತೆಗೆಸಿಹಾಕುತ್ತೇನೆ ಅಂತ ಕೌಂಟರಿಗೆ ಹೋಗಲು ಎದ್ದಿದ್ದ ಗೋರೆಗಾಂವ್ ಭಾವ ಸುಮ್ಮನೆ ಕೂತರು. ಕೊನೆಯ ಎರಡು ರಾತ್ರಿ ನನಗೆ ಹಡಗಿನ ಊಟವೇ ಬೇಡವಾಗಿತ್ತು. ಬಿಳಿ ಅನ್ನ, ಮೊಸರು ಕೇಳಿದೆ. ಆ ಹೆಡ್ ವೇಟರ್ ಅದರ ಜೊತೆ ಕರಿದ ಹಪ್ಪಳ ಮುರಿದು ಒಂದು ಬಟ್ಟಲಲ್ಲಿ ತಂದರು. ಉಪ್ಪಿನಕಾಯಿ ನಮ್ಮ ಬ್ಯಾಗಿನಲ್ಲೇ ಇತ್ತು. ಪಕ್ಕದ ಮೇಜಿನ ಅಮೆರಿಕದ ಅಜ್ಜಿ ಅದೇನು ಸಿಹಿ ಅಂತ ಕೇಳಿದಳು.

ಹಡಗು ಎಲ್ಲೂ ನಿಲ್ಲದ ದಿನಗಳೇ ಈ ಪ್ರವಾಸದ ತಿರುಳು ಅಂತ ನನ್ನ ಅಭಿಪ್ರಾಯ. ನಮ್ಮವರು ಒಪ್ಪುವುದಿಲ್ಲ, ಅವರಿಗೆ ಕೆಳಗಿಳಿಯಬೇಕು. ಸ್ನೇಹಿತರ ಜೊತೆ ಹೋಗುವವರಿಗೆ ಹಡಗಿನಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ. ಹಿಂದೆ ಇದೇ ಮೂರು ಜೋಡಿ ಗೋವಾದಲ್ಲಿ ಬಂಗಲೆ ಬಾಡಿಗೆಗೆ ಹಿಡಿದಿದ್ದಾಗ ಬೆಳಿಗ್ಗೆ ಹಾಲು ಯಾರು ತರಬೇಕು ಅನ್ನುವುದರಿಂದ ಹಿಡಿದು ಟ್ಯಾಕ್ಸಿ ದುಡ್ಡಿನ ತನಕ ಮುನಿಸು. ಇಲ್ಲಿ ಪ್ರತಿ ಕೋಣೆಗೂ ಬೇರೆ ಖಾತೆ, ಯಾರ ಕಾರ್ಡು ಯಾರು ಉಜ್ಜಿದರು ಅನ್ನುವ ಮಾತೇ ಇಲ್ಲ. ಒಬ್ಬರು ನಿದ್ದೆ ಮಾಡುತ್ತಾರೆ, ಒಬ್ಬರು ಓಡುವ ಟ್ರ್ಯಾಕ್ ಸುತ್ತುತ್ತಾರೆ, ಇನ್ನೊಬ್ಬರು ಕ್ಯಾಸಿನೋದಲ್ಲಿ ಇಪ್ಪತ್ತು ಡಾಲರ್ ಕಳೆದು ಹೆಂಡತಿಗೆ ಹತ್ತು ಅಂತ ಹೇಳುತ್ತಾರೆ. ರಾತ್ರಿ ಎಂಟಕ್ಕೆ ಎಲ್ಲರೂ ಒಂದೇ ಮೇಜಿಗೆ. ದಿನವಿಡೀ ಮುಖ ನೋಡದೆ ಇದ್ದದ್ದಕ್ಕೆ ಮಾತಾಡಲು ಏನಾದರೂ ಇರುತ್ತಿತ್ತು. ನಾವು ಹೆಂಗಸರು ಮೂವರು ಹಿಂಬದಿಯ ಡೆಕ್ಕಿನಲ್ಲಿ ಕೂತು ಹರಟಿದ ಮಧ್ಯಾಹ್ನಗಳಿಗೆ ನಾನು ಐದಕ್ಕೆ ಆರು ಕೊಟ್ಟೇನು.

ಕೊಸುಮೆಲ್ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ನೀರಿನ ಬಣ್ಣ ನಿಜಕ್ಕೂ ಫೋಟೋದಲ್ಲಿ ಇರುವ ಹಾಗೇ ಇದೆ. ಹವಳದ ದಿಬ್ಬ ನೋಡಲು ಮುಳುಗುವವರಿಗೆ ಸ್ವರ್ಗವಂತೆ, ನಾವು ಮುಳುಗುವವರಲ್ಲ. ಸಾನ್ ಹೆರ್ವಾಸಿಯೋ ಅಂತ ಮಾಯಾ ಜನರ ಹಳೇ ಗುಡಿಗಳ ಜಾಗ ಇದೆ, ಹೆರಿಗೆಯ ದೇವತೆ ಇಶ್ಚೆಲ್‌ಗೆ ಹರಕೆ ಹೊತ್ತು ಹೆಂಗಸರು ಬರುತ್ತಿದ್ದ ಕ್ಷೇತ್ರ. ಹಂಪಿ ಕಂಡವರಿಗೆ ಕಟ್ಟಡ ಚಿಕ್ಕದು ಅನ್ನಿಸುತ್ತದೆ. ಕಲ್ಲಿನ ಮೇಲೆಲ್ಲ ಉಡದಂಥ ಇಗ್ವಾನಾಗಳು ಬಿಸಿಲು ಕಾಯಿಸುತ್ತಾ ಕೂತಿದ್ದವು.

ಗ್ರಾಂಡ್ ಕೇಮನ್ ನೋಡಲೇ ಇಲ್ಲ. ಅಲ್ಲಿ ದೊಡ್ಡ ಹಡಗು ಬಂದು ತಾಗುವ ಧಕ್ಕೆ ಇಲ್ಲ, ಸಮುದ್ರದಲ್ಲೇ ಲಂಗರು ಹಾಕಿ ಚಿಕ್ಕ ಬೋಟಿನಲ್ಲಿ ದಡಕ್ಕೆ ಬಿಡುತ್ತಾರೆ. ನಾವು ಹೋಗಿದ್ದು ಫೆಬ್ರವರಿಯಲ್ಲಿ. ಚಳಿಗಾಲದಲ್ಲಿ ಉತ್ತರದ ತಣ್ಣನೆ ಗಾಳಿ ಇಳಿದಾಗ ವಾಯವ್ಯದಿಂದ ಅಲೆ ಎದ್ದು ಜಾರ್ಜ್‌ಟೌನ್ ಬಂದರಿಗೇ ನೇರ ಹೊಡೆಯುತ್ತದೆ. ಕ್ಯಾಪ್ಟನ್ ಬೆಳಿಗ್ಗೆ ಮೈಕಿನಲ್ಲಿ ಕ್ಷಮಿಸಿ ಅಂದರು, ಮುಗಿಯಿತು. ಸೊಂಟದ ತನಕದ ನೀರಿನಲ್ಲಿ ನಿಂತು ತೊರಕೆ ಮೀನುಗಳನ್ನು ಮುಟ್ಟುವ ಮರಳದಿಬ್ಬ ಅಲ್ಲಿದೆ, ಮೀನುಗಾರರು ಹಿಂದೆ ಅಲ್ಲಿ ಮೀನು ಕೊಯ್ದು ತ್ಯಾಜ್ಯ ಎಸೆಯುತ್ತಿದ್ದರಿಂದ ಅವು ಗುಂಪುಗೂಡಲು ಶುರು ಮಾಡಿದವಂತೆ. ನಮ್ಮವರು ಅದಕ್ಕೇ ಅಂತ ಹೊಸ ಚಡ್ಡಿ ಕೊಂಡಿದ್ದರು. ಹಡಗಿನವರ ಮೂಲಕ ಬುಕ್ ಮಾಡಿದ್ದ ಟೂರಿನ ದುಡ್ಡು ತಾನಾಗಿ ವಾಪಸ್ ಬಂತು, ಬಂದರಿನ ತೆರಿಗೆಯ ಸಣ್ಣ ಮೊತ್ತವೂ ಖಾತೆಗೆ ಜಮೆ ಆಯಿತು, ಅದಕ್ಕಿಂತ ಬೇರೆ ಪರಿಹಾರ ಯಾರೂ ಕೊಡುವುದಿಲ್ಲ. ಕರಾರಿನಲ್ಲೇ ಹಾಗೆ ಬರೆದಿರುತ್ತಾರೆ. ಹೊರಗಿನವರ ಹತ್ತಿರ ಕಡಿಮೆಗೆ ಬುಕ್ ಮಾಡುವವರು, ಹಡಗು ನಿಲ್ಲದಿದ್ದರೆ ದುಡ್ಡು ವಾಪಸ್ ಅನ್ನುವ ಷರತ್ತು ಇದೆಯಾ ಅಂತ ಓದಿಯೇ ಕಟ್ಟಿ. ಜೂನ್‌ನಿಂದ ನವೆಂಬರ್ ತನಕ ಚಂಡಮಾರುತದ ಕಾಲ, ಆಗ ದಾರಿಯೇ ಬದಲಾಗಬಹುದು, ದರವೂ ಅದಕ್ಕೇ ಇಳಿದಿರುತ್ತದೆ.

ಜಮೈಕಾ ಮಾತ್ರ ದುಡ್ಡಿಗೆ ಮೋಸವಿಲ್ಲ. ಡನ್ಸ್ ರಿವರ್ ಜಲಪಾತ ಸಮುದ್ರದ ದಡಕ್ಕೇ ಬಂದು ಬೀಳುತ್ತದೆ, ಕೆಳಗೆ ಮರಳಿನಿಂದ ಶುರು ಮಾಡಿ ನೀರಿನಲ್ಲೇ ಮೆಟ್ಟಿಲು ಮೆಟ್ಟಿಲಾದ ಕಲ್ಲು ಹತ್ತಿಕೊಂಡು ಮೇಲೆ ಹೋಗುವುದು, ಸುಮಾರು 180 ಮೀಟರ್. ಎಲ್ಲರೂ ಕೈ ಕೈ ಹಿಡಿದು ಸಾಲು ಕಟ್ಟಬೇಕು. ಗೈಡ್ ಹುಡುಗ ಎಲ್ಲರ ಕ್ಯಾಮೆರಾಗಳನ್ನೂ ಕೊರಳಿಗೆ ನೇತುಹಾಕಿಕೊಂಡು ಬರಿಗೈಯಲ್ಲಿ ಹಿಂದೆ ಮುಂದೆ ಜಿಗಿಯುತ್ತಿದ್ದ. ನನ್ನ ಒಂದು ಕೈ ಪುಣೆಯವರ ಹೆಂಡತಿಯ ಕೈಯಲ್ಲಿ, ಇನ್ನೊಂದು ಯಾರೋ ಟೆಕ್ಸಾಸ್‌ನ ದಢೂತಿ ಮನುಷ್ಯನ ಕೈಯಲ್ಲಿ. ನೀರು ತಣ್ಣಗೆ ಎದೆಗೆ ಬಂದು ಹೊಡೆದಾಗ ಆತ ಏನೋ ಕೂಗಿದ, ನಾನು "ಅಯ್ಯೋ ದೇವರೇ" ಅಂದೆ, ಇಬ್ಬರೂ ಒಟ್ಟಿಗೆ ನಕ್ಕೆವು. ರಬ್ಬರಿನ ನೀರು ಚಪ್ಪಲಿ ಇಲ್ಲಿಂದಲೇ ಒಯ್ಯಿರಿ, ಅಲ್ಲಿ ಬಾಡಿಗೆಗೆ ದುಡ್ಡು ಕೀಳುತ್ತಾರೆ. ಮಂಡಿ ನೋವಿನವರು ಪಕ್ಕದ ಒಣ ಮೆಟ್ಟಿಲಿನಿಂದ ಹತ್ತಿ. ಗೋರೆಗಾಂವ್ ಅಕ್ಕ ಹಾಗೇ ಮಾಡಿದರು, ಮೇಲಿನಿಂದ ನಮ್ಮ ಫೋಟೋ ತೆಗೆದವರೂ ಅವರೇ.

ಮಧ್ಯಾಹ್ನ ಊಟಕ್ಕೆ ಹಡಗಿಗೆ ಓಡಬೇಡಿ. ರಸ್ತೆ ಬದಿಯ ಸಣ್ಣ ಹೋಟೆಲಿನಲ್ಲಿ ಮಾಂಸ ತಿನ್ನುವುದಿಲ್ಲ ಅಂದರೆ ಅಲ್ಲಿ ಯಾರೂ ಹುಬ್ಬೇರಿಸಲಿಲ್ಲ, ರಾಸ್ತಫಾರಿ ಪಂಥದವರಲ್ಲಿ ಅನೇಕರು ಮಾಂಸ ತಿನ್ನುವುದಿಲ್ಲ. ತೆಂಗಿನ ಹಾಲಿನಲ್ಲಿ ರಾಜ್ಮಾ ಹಾಕಿ ಬೇಯಿಸಿದ ಅನ್ನ, ಪಕ್ಕದಲ್ಲಿ ಕ್ಯಾಲಲೂ ಅನ್ನುವ ಸೊಪ್ಪಿನ ಪಲ್ಯ. ಒಂದು ತುತ್ತು ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ನಮ್ಮ ಹರಿವೆ ಸೊಪ್ಪು! ದಾದರ್ ಮಾರ್ಕೆಟ್‌ನಲ್ಲಿ ಮಾಠ ಅಂತ ಕಟ್ಟು ಮಾರುತ್ತಾರಲ್ಲ, ಅದೇ ಜಾತಿ. ಈರುಳ್ಳಿ, ಟೊಮೆಟೊ, ಕಾರದ ಮೆಣಸಿನಕಾಯಿ, ಅಷ್ಟೇ ಹಾಕಿದ್ದರು. ನಮ್ಮ ಟ್ಯಾಕ್ಸಿಯವನ ಮುತ್ತಜ್ಜಿಯ ಕಡೆಯವರು ಭಾರತದಿಂದ ಬಂದವರಂತೆ. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟದ ಕೂಲಿಗೆ ಅಂತ 1845ರಲ್ಲಿ ಮೊದಲ ಹಡಗಿನಲ್ಲಿ ಇಲ್ಲಿಯ ಜನರನ್ನು ಅಲ್ಲಿಗೆ ಒಯ್ದರು. ಅವರಿಂದಲೇ ಅಲ್ಲಿಯ ಮೇಕೆ ಕರಿ, ರೊಟ್ಟಿ. ಅವನಿಗೆ ಅಡುಗೆ ಬಿಟ್ಟರೆ ಮತ್ತೇನೂ ಗೊತ್ತಿರಲಿಲ್ಲ, ಯಾವ ಊರು ಅಂತ ಕೇಳಿದರೆ "ಕಲ್ಕತ್ತಾ ಹಡಗು" ಅಂದ.

ಏಜೆಂಟರಿಗೆ ವಾಪಸ್ ಬಂದು ಫೋನ್ ಮಾಡಿದೆ. ಮೇಜಿನ ವಿಷಯ, ಟಿಪ್ಸ್ ವಿಷಯ ಎರಡಕ್ಕೂ "ಮೇಡಂ, ಅದು ಹಡಗಿನವರ ಪಾಲಿಸಿ" ಅಂದರು. ಹಾಗಾದರೆ ಸರ್ವಿಸ್ ಚಾರ್ಜ್ ಯಾವುದಕ್ಕೆ ಅಂತ ಕೇಳಿದೆ, ಲೈನ್ ಕಟ್ಟಾಯಿತು. ಆದ್ದರಿಂದ ಹಡಗಿನ ಬುಕಿಂಗ್ ಕಂಪನಿಯ ವೆಬ್‌ಸೈಟಿನಲ್ಲಿ ನೀವೇ ಮಾಡಿ, ಊಟದ ವಿಷಯವೂ ಅಲ್ಲೇ ನಮೂದಿಸಿ, ಮೂರು ಕೋಣೆಗಳ ಬುಕಿಂಗ್ ನಂಬರ್ ಒಂದಕ್ಕೊಂದು ಜೋಡಿಸಲು ಹೇಳಿ. ಆಗ ಮೇಜು ಒಟ್ಟಿಗೆ ಸಿಗುತ್ತದೆ.

ಇಳಿಯುವ ದಿನದ ಬಗ್ಗೆ ಒಂದು ಮಾತು. ಹಿಂದಿನ ರಾತ್ರಿ ಸೂಟ್‌ಕೇಸಿಗೆ ಬಣ್ಣದ ಚೀಟಿ ಕಟ್ಟಿ ಬಾಗಿಲ ಹೊರಗೆ ಇಟ್ಟರೆ ಅವರೇ ಕೆಳಗೆ ಇಳಿಸುತ್ತಾರೆ, ಆದರೆ ನಿಮ್ಮ ಬಣ್ಣ ಕರೆಯುವ ತನಕ ಕಾಯಬೇಕು. ಲಗೇಜ್ ತಾವೇ ಎಳೆದುಕೊಂಡು ಹೋಗುವವರನ್ನು ಮೊದಲು ಬಿಡುತ್ತಾರೆ. ಆಮೇಲೆ ಇಮಿಗ್ರೇಷನ್ ಸಾಲು. ಬಫೆಯಿಂದ ಬಾಳೆಹಣ್ಣು ಬ್ಯಾಗಿಗೆ ಹಾಕಿಕೊಂಡು ಇಳಿಯಬೇಡಿ, ಹಣ್ಣು ಒಳಗೆ ಬಿಡುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕಿಂತ ಮುಂಚಿನ ವಿಮಾನ ಹಿಡಿಯುವ ಧೈರ್ಯ ಮಾಡಬೇಡಿ, ಪುಣೆಯವರು ಮಾಡಿದ್ದರು, ಗೇಟ್ ಮುಚ್ಚುವ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತಾ ಓಡಿ ಹತ್ತಿದರು.