ಪೋಖರಾದಲ್ಲಿ ಕಯಾಕ್ ರೋಲ್ ತರಬೇತಿ: ಸರೋವರದ ಪಾಠ ಉತ್ತಮ, ನದಿಯ ಪಾಠ ಸಾಲದು

ಮಗುಚಿದ ಕಯಾಕ್‌ನಿಂದ ಹೊರಬರದೆ, ಕುಳಿತಲ್ಲಿಂದಲೇ ಅದನ್ನು ನೆಟ್ಟಗೆ ತಿರುಗಿಸಿಕೊಳ್ಳುವ ರೋಲ್ ವಿದ್ಯೆಯನ್ನು ಕಲಿಯಲು ನೇಪಾಳದ ಪೋಖರಾ ಒಳ್ಳೆಯ ಸ್ಥಳ. ಅಲ್ಲಿ ಸಾಮಾನ್ಯವಾಗಿ ಫೇವಾ ಸರೋವರದಲ್ಲಿ ಅಭ್ಯಾಸ ಮಾಡಿಸಿ, ಬಳಿಕ ದಮೌಲಿಯಿಂದ ಕೆಳಕ್ಕೆ ಸೇತಿ ನದಿಗೆ ಕರೆದೊಯ್ಯುತ್ತಾರೆ. ನದಿಯ ಈ ಭಾಗದಲ್ಲಿ ನೀರು ಅಷ್ಟೇನೂ ತಣ್ಣಗಿರುವುದಿಲ್ಲ, ರಭಸವೂ ಮಿತವಾಗಿರುತ್ತದೆ. ಪದೇ ಪದೇ ಮುಳುಗೇಳಬೇಕಾದ ಹೊಸಬರಿಗೆ ಇದು ದೊಡ್ಡ ಅನುಕೂಲ.

ನಾನು ಸೇರಿದ ತರಬೇತಿಯಲ್ಲಿ ತುಂಬ ಮೆಚ್ಚುಗೆಯಾದದ್ದು ಪಾಠದ ಕ್ರಮ. ಮುಂದಕ್ಕೆ ಬಾಗಿ, ದೋಣಿಯೊಳಗೆ ನೀರು ಬಾರದಂತೆ ಸೊಂಟದ ಸುತ್ತ ತೊಡುವ ಹೊದಿಕೆಯಾದ ಸ್ಪ್ರೇ ಸ್ಕರ್ಟ್‌ನ ಕುಣಿಕೆಯನ್ನು ಎಳೆದು, ದೋಣಿಯಿಂದ ಹೊರಬರುವ ವೆಟ್ ಎಕ್ಸಿಟ್ ಗಾಬರಿಯಿಲ್ಲದೆ ಬರುವವರೆಗೂ ಶಿಕ್ಷಕರು ಯಾರ ಕೈಗೂ ಹುಟ್ಟು ಕೊಡಲಿಲ್ಲ. ಇದು ಸರಿಯಾದ ನಿಲುವು. ಸಿಕ್ಕಿಕೊಂಡೆನೆಂಬ ಭಯವಿದ್ದವರು ಉಸಿರಿಗಾಗಿ ಮೊದಲು ತಲೆ ಎತ್ತುತ್ತಾರೆ, ಆ ಭಾರಕ್ಕೆ ಅರ್ಧ ಎದ್ದ ದೋಣಿ ಮತ್ತೆ ಮಗುಚುತ್ತದೆ. ಮುಂದಿನ ಪಾಠ ಟಿ-ರೆಸ್ಕ್ಯೂ: ತಲೆಕೆಳಗಾಗಿದ್ದಾಗ ದೋಣಿಯ ತಳವನ್ನು ತಟ್ಟಿ, ಕೈಗಳನ್ನು ಹಿಂದೆ ಮುಂದೆ ಆಡಿಸುತ್ತ, ಜೊತೆಗಾರರ ದೋಣಿಯ ಮೂತಿ ಸಿಕ್ಕೊಡನೆ ಅದನ್ನು ಹಿಡಿದು, ಸೊಂಟದ ಬಲದಿಂದ ಏಳುವುದು. ದೋಣಿಯನ್ನು ತಿರುಗಿಸುವುದು ಸೊಂಟ, ತಲೆ ಕೊನೆಗೆ ಬರಬೇಕು ಎಂಬುದು ಹೀಗೆ ಹುಟ್ಟಿನ ಹಂಗಿಲ್ಲದೆಯೇ ಮೈಗೆ ಒಗ್ಗುತ್ತದೆ. ಇಷ್ಟಾದ ಮೇಲಷ್ಟೇ ಹುಟ್ಟನ್ನು ನೀರಿನ ಮೇಲ್ಮೈಯಲ್ಲಿ ಕಮಾನಿನಂತೆ ಬೀಸುವ ಸ್ವೀಪ್ ರೋಲ್ ಕಲಿಸಿದರು. ಭುಜ ತಪ್ಪದಂತೆ ಮೊಣಕೈಗಳನ್ನು ಮೈಗೆ ಹತ್ತಿರ ಇಟ್ಟುಕೊಳ್ಳಬೇಕೆಂದು ಪ್ರತಿ ಸಲವೂ ಎಚ್ಚರಿಸುತ್ತಿದ್ದರು.

ಗ್ರೀನ್‌ಲ್ಯಾಂಡ್‌ನ ಇನುಯಿಟ್ ಬೇಟೆಗಾರರಿಗೆ ಹಿಮದಷ್ಟು ತಣ್ಣನೆಯ ಸಮುದ್ರದಲ್ಲಿ ದೋಣಿ ಬಿಡುವುದೆಂದರೆ ಪ್ರಾಣವನ್ನೇ ಪಣಕ್ಕಿಟ್ಟಂತೆ. ಹಾಗಾಗಿಯೇ ಹುಟ್ಟು ಕೈತಪ್ಪಿದರೆ ಬರಿಗೈಯಲ್ಲಿ ಏಳುವುದೂ ಸೇರಿದಂತೆ, ಬಗೆಬಗೆಯ ಅಪಾಯಗಳಿಗೆ ಬೇರೆ ಬೇರೆ ರೋಲ್‌ಗಳನ್ನು ಅವರು ರೂಪಿಸಿಕೊಂಡರು. ಆಸ್ಟ್ರಿಯಾದ ಹಾನ್ಸ್ ಪಾವ್ಲಾಟಾ 1927ರಲ್ಲಿ ಈ ವಿದ್ಯೆಯನ್ನು ಸಾಧಿಸಿದ ನಂತರ ಯುರೋಪಿನ ಕ್ರೀಡಾಸಕ್ತರಲ್ಲಿ ಇದು ಹರಡಿತು. ಈ ಹಿನ್ನೆಲೆಯನ್ನು ನೆನೆದರೆ, ಬಲಬದಿಯ ಒಂದೇ ರೋಲ್ ಕಲಿಸಿ ಮುಗಿಸಿದ್ದು ನನಗೆ ಕೊರತೆಯಾಗಿಯೇ ಕಂಡಿತು, ಏಕೆಂದರೆ ಯಾವ ಬದಿಯಲ್ಲಿ ಏಳಬೇಕೆಂಬುದನ್ನು ಹಲವು ಸಲ ನದಿಯ ಸೆಳೆತವೇ ತೀರ್ಮಾನಿಸುತ್ತದೆ.

ಅದಕ್ಕಿಂತ ದೊಡ್ಡ ಕೊರತೆ ನದಿಯಲ್ಲಿನ ಪಾರುಗಾಣಿಕೆಯದು. ಹೊರಬಿದ್ದವರು ಅಂಗಾತ ಮಲಗಿ ಕಾಲುಗಳನ್ನು ಪ್ರವಾಹದ ದಿಕ್ಕಿಗೆ ಚಾಚಿ ಮೇಲಕ್ಕೆತ್ತಿಕೊಂಡಿರಬೇಕು, ದಡದಿಂದ ಥ್ರೋ ಬ್ಯಾಗ್ (ಹಗ್ಗ ತುಂಬಿದ ಚೀಲ) ಎಸೆಯುವುದು ಹೇಗೆ, ಖಾಲಿ ದೋಣಿಯನ್ನು ದಡಕ್ಕೆ ತರುವುದು ಹೇಗೆ ಎಂಬುದನ್ನೆಲ್ಲ ಮರಳ ದಂಡೆಯಲ್ಲಿ ನಿಂತು ವಿವರಿಸಿದರೇ ಹೊರತು ನೀರಿನಲ್ಲಿ ಮಾಡಿಸಲಿಲ್ಲ. ಹೆಲ್ಮೆಟ್, ಲೈಫ್ ಜಾಕೆಟ್‌ಗಳು ಚೆನ್ನಾಗಿದ್ದವು. ಸಣ್ಣ ಮೈಕಟ್ಟಿನವರಿಗೆ ಮಾತ್ರ ದೋಣಿಯ ಆಸನ ಸಡಿಲವಾಗಿತ್ತು. ಕೇಳಿದ ಮೇಲೆ ಸೊಂಟದ ಬದಿಗೆ ಫೋಮ್ ಇಟ್ಟುಕೊಟ್ಟರು. ಸೊಂಟ ದೋಣಿಗೆ ಬಿಗಿಯಾಗಿ ಕೂರದಿದ್ದರೆ ಅದರ ತಿರುವು ದೋಣಿಗೆ ತಲುಪುವುದೇ ಇಲ್ಲವಾದ್ದರಿಂದ, ಇದನ್ನು ಕೇಳುವ ಮೊದಲೇ ಒದಗಿಸಬೇಕಿತ್ತು.

ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹಿನ್ನೀರಿನಂಥ ಕಡೆ ಮೇಲೆ ಕೂರುವ ತೆರೆದ ಕಯಾಕ್‌ಗಳನ್ನಷ್ಟೇ ನಡೆಸಿದವರಿಗೆ ಈ ಅಭ್ಯಾಸ ಪೂರ್ತಿ ಹೊಸದು. ಅಂಥವರು ಸರೋವರದಲ್ಲಿ ಹೆಚ್ಚುವರಿ ಒಂದು ದಿನ ಕೇಳಿ ಪಡೆಯುವುದು ಒಳ್ಳೆಯದು. ಮಳೆಗಾಲ ಕಳೆದ ಅಕ್ಟೋಬರ್, ನವೆಂಬರ್ ತಿಂಗಳುಗಳು ಸೂಕ್ತ. ಎರಡೂ ಬದಿಯ ರೋಲ್ ಮತ್ತು ಹಗ್ಗದ ಪಾರುಗಾಣಿಕೆಯನ್ನು ನೀರಿನಲ್ಲೇ ಮಾಡಿಸುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಿ.