‘ಧನ’ ಎಂದು ಬರೆದರೆ ‘ದನ’ ಮೂಡಿಸಿದ ಪೆನ್ನು: ಶಾಲೆಯಲ್ಲಿ ಟ್ಯಾಬ್ಲೆಟ್ ಲ್ಯಾಪ್‌ಟಾಪಿನ ಎರಡೂವರೆ ವರ್ಷ

ಶಿರಸಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುವ ನಾನು, ಹಿಂದಕ್ಕೆ ಮಡಚಿದರೆ ಟ್ಯಾಬ್ಲೆಟ್ ಆಗುವ, ಪರದೆಯ ಮೇಲೆ ಪೆನ್ನಿನಿಂದ ಬರೆಯಬಹುದಾದ ಲ್ಯಾಪ್‌ಟಾಪೊಂದನ್ನು ಕೊಂಡು ಎರಡೂವರೆ ವರ್ಷವಾಯಿತು. ಪ್ರೊಸೆಸರ್, ಪರದೆಯ ಅಳತೆ ಮುಂತಾದ ವಿವರಗಳು ಎಲ್ಲ ಮಾರಾಟ ತಾಣಗಳಲ್ಲೂ ಸಿಗುವುದರಿಂದ ಅವನ್ನು ಇಲ್ಲಿ ಬರೆಯುವುದಿಲ್ಲ. ಆ ತಾಣಗಳು ‘ಪೆನ್ ಜೊತೆಗೆ ಬರುತ್ತದೆ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಪೆನ್ನಿನ ಬಗ್ಗೆಯೇ ನಾನು ಹೆಚ್ಚು ಬರೆಯಬೇಕಾಗಿದೆ. ನನಗಾದ ಸಂತೋಷವೂ ಸಂಕಟವೂ ಅದರಿಂದಲೇ ಬಂದವು. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇದೇ ಬಗೆಯ ಪೆನ್ನನ್ನು ಕೊಡುವ ಕಂಪನಿಗಳು ಹಲವು ಇವೆ.

ನಾನು ತೆಗೆದಿಟ್ಟಿದ್ದ ಹಣ 60,000 ರೂಪಾಯಿ. ಕೀಲಿಮಣೆ ಕಳಚಿ ಬರುವ ಮಾದರಿಯನ್ನೂ ನೋಡಿದ್ದೆ, ಆದರೆ ಅದು ಬೆನ್ನಿಗಿರುವ ಊರುಗೋಲಿನ ಬಲದ ಮೇಲೆ ನಿಲ್ಲುವಂಥದ್ದು; ನಮ್ಮ ತರಗತಿಯ ಇಳಿಜಾರು ಮೇಜಿನ ಮೇಲೆ ಜಾರುತ್ತದೆ, ತೊಡೆಯ ಮೇಲಂತೂ ನಿಲ್ಲುವುದೇ ಇಲ್ಲ. ಆದ್ದರಿಂದ ಪೂರ್ತಿ ಸುತ್ತು ಮಡಚುವ ಕೀಲಿನ ಮಾದರಿಯನ್ನು ಆರಿಸಿಕೊಂಡೆ. ಇದರ ತೂಕ ಒಂದೂವರೆ ಕಿಲೋ. ಎಡ ಮುಂಗೈ ಮೇಲೆ ಹೊತ್ತು ಬೆಂಚುಗಳ ನಡುವೆ ಓಡಾಡುತ್ತ ಬರೆಯಬಹುದೆಂದು ಎಣಿಸಿದ್ದೆ, ಆದರೆ ಹತ್ತು ನಿಮಿಷದ ಮೇಲೆ ಕೈ ಸೋಲುತ್ತದೆ. ಈಗ ಅದು ಮೇಜು ಬಿಟ್ಟು ಕದಲುವುದಿಲ್ಲ.

ಬೆಳಿಗ್ಗೆ ಪ್ರಾರ್ಥನೆಯ ಗಂಟೆಗೆ ಇಪ್ಪತ್ತು ನಿಮಿಷ ಮೊದಲೇ ಶಾಲೆಗೆ ಬರುತ್ತೇನೆ. ಪ್ರೊಜೆಕ್ಟರಿನ ಕೇಬಲ್ ಜೋಡಿಸಿ, ಯಂತ್ರವನ್ನು ಮಡಚಿ ಮಲಗಿಸಿ, ಬಲಗೈಯ ಗಾಜಿನ ಬಳೆಗಳನ್ನು ಮೊಣಕೈಯತ್ತ ಸರಿಸಿ ಮೇಲೊಂದು ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಬಳೆ ಪರದೆಗೆ ತಾಗಿದರೆ ಗೀರು ಬೀಳುವ ಭಯ. ಮೆತ್ತನೆಯ ಹಳೆಯ ಹತ್ತಿ ಸೀರೆಯ ತುಂಡಿನಿಂದ ಪರದೆಯನ್ನು ಒರೆಸುತ್ತೇನೆ. ನಮ್ಮೂರಿನ ಮಳೆಗಾಲದಲ್ಲಿ ಗಾಜಿನ ಮೇಲೆ ತೇವ ಕೂತರೆ ಯಂತ್ರಕ್ಕೆ ಅಂಗೈ ಯಾವುದು, ಪೆನ್ನು ಯಾವುದು ಎಂಬುದು ತಿಳಿಯದೆ ಎಲ್ಲೆಲ್ಲೋ ಗೆರೆ ಬೀಳುತ್ತದೆ. ಆಮೇಲೆ ತಾರೀಖು, ಪಾಠದ ಹೆಸರು, ಕೆಳಗೆ ಒಂದು ಅಡ್ಡಗೆರೆ. ಮಕ್ಕಳು ಒಳಗೆ ಬರುವ ಹೊತ್ತಿಗೆ ಗೋಡೆಯ ಮೇಲೆ ನನ್ನದೇ ಕೈಬರಹ ಕಾಯುತ್ತಿರುತ್ತದೆ. ಆ ಇಪ್ಪತ್ತು ನಿಮಿಷ ನನಗೆ ದಿನದ ಅತಿ ಇಷ್ಟದ ಹೊತ್ತು.

ಕರಿಹಲಗೆಯ ಮೇಲೆ ಬರೆದದ್ದನ್ನು ಮುಂದಿನ ತರಗತಿಗಾಗಿ ಅಳಿಸಲೇಬೇಕಿತ್ತು. ಈಗ ಎರಡೂವರೆ ವರ್ಷದಲ್ಲಿ ನಾನು ಬರೆದ ಪ್ರತಿಯೊಂದು ಪುಟವೂ ಉಳಿದಿದೆ. ಜುಲೈ ತಿಂಗಳಲ್ಲಿ ಹಳ್ಳ ತುಂಬಿ ಬಸ್ಸು ಬಾರದೆ ಶಾಲೆ ತಪ್ಪಿದ ಮಕ್ಕಳಿಗೆ ಆ ದಿನದ ಪುಟಗಳನ್ನು ಸಂಜೆ ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತೇನೆ. ಸ್ಪರ್ಶಕದ ಪ್ರಮೇಯ ಮುಗಿಸಿ ಎರಡು ವಾರವಾದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, “ಅಕ್ಕೋರೇ, ಆವತ್ತು ಮೂರನೇ ಸಾಲಿಂದ ನಾಲ್ಕನೇ ಸಾಲು ಹೇಗೆ ಬಂತು?” ಎಂದು ಕೇಳಿದಳು. ಅದೇ ಪುಟವನ್ನು ತೆರೆದು, ಆ ಎರಡು ಸಾಲುಗಳ ನಡುವೆ ಬಿಟ್ಟುಹೋಗಿದ್ದ ಹೆಜ್ಜೆಯನ್ನು ಕೆಂಪು ಬಣ್ಣದಲ್ಲಿ ತುಂಬಿದೆ. ತಪ್ಪಿದ್ದು ಅವಳಲ್ಲ, ನಾನು ಒಂದು ಹೆಜ್ಜೆ ಹಾರಿಸಿದ್ದೆ. ಅಳಿಸಿದ ಹಲಗೆಯಲ್ಲಿ ಅದು ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ಇಷ್ಟು ಒಳ್ಳೆಯದನ್ನು ಹೇಳಿದ ಮೇಲೆ ದೂರನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಕೊಂಡ ಐದನೆಯ ತಿಂಗಳಿನಲ್ಲಿ ಪೆನ್ನು ಸಣ್ಣ ಗೆರೆಗಳನ್ನು ನುಂಗತೊಡಗಿತು. ಕನ್ನಡ ಬರೆಯುವಾಗ ಪೆನ್ನನ್ನು ಮತ್ತೆ ಮತ್ತೆ ಎತ್ತಿ ಊರುತ್ತೇವೆ. ತಲೆಕಟ್ಟು, ದೀರ್ಘ, ಒತ್ತು, ಅರ್ಕಾವತ್ತು ಎಲ್ಲವೂ ಬೇರೆ ಬೇರೆಯಾಗಿ, ಹಗುರವಾಗಿ ಬೀಳುವ ಗೀಟುಗಳು. ಉದ್ದ ಗೆರೆಗಳು ಸರಿಯಾಗಿಯೇ ಮೂಡುತ್ತಿದ್ದವು, ಈ ಗೀಟುಗಳು ಮಾತ್ರ ಮಾಯವಾಗುತ್ತಿದ್ದವು. ಒಂದು ದಿನ ‘ಧನ ಪೂರ್ಣಾಂಕ’ ಎಂದು ಬರೆದರೆ ಧಕಾರದ ಹೊಟ್ಟೆ ಸೀಳುವ ಗೀಟು ಬೀಳದೆ ಗೋಡೆಯ ಮೇಲೆ ‘ದನ ಪೂರ್ಣಾಂಕ’ ಎಂದಾಯಿತು. ಮಕ್ಕಳು ನಕ್ಕರು, ಅದು ಸಹಜ. ಆದರೆ ಅಕ್ಷರ ಇನ್ನೂ ಗಟ್ಟಿಯಾಗದ ಒಬ್ಬ ಹುಡುಗ ಅದನ್ನೇ ನೋಟುಪುಸ್ತಕದಲ್ಲಿ ನಕಲು ಮಾಡಿಕೊಂಡಿದ್ದನ್ನು ಮರುದಿನ ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಕಲಿಸುವ ಸಾಧನವೊಂದು ಮಕ್ಕಳಿಗೆ ತಪ್ಪು ಅಕ್ಷರ ತೋರಿಸುವುದನ್ನು ಸಣ್ಣ ದೋಷವೆಂದು ನಾನು ಒಪ್ಪುವುದಿಲ್ಲ.

ಕಾರಣ ತಿಳಿಯಲು ಮೂರು ವಾರ ಹಿಡಿಯಿತು. ಪೆನ್ನಿನೊಳಗೆ ಒಂದು ಸೆಲ್ ಇದೆ, ಅದು ಸೋಲುತ್ತಿತ್ತು. ಎಷ್ಟು ಉಳಿದಿದೆ ಎಂದು ತೋರಿಸುವ ಗುರುತು ಪೆನ್ನಿನಲ್ಲೂ ಇಲ್ಲ, ಪರದೆಯಲ್ಲೂ ಇಲ್ಲ. ಆ ಸೆಲ್ ಗಡಿಯಾರಕ್ಕೋ ರಿಮೋಟಿಗೋ ಹಾಕುವಂಥದ್ದಲ್ಲ, ‘ಎಎಎಎ’ ಎಂದು ನಾಲ್ಕು ಎ ಹಾಕಿ ಕರೆಯುವ, 8.3 ಮಿ.ಮೀ. ದಪ್ಪದ ಕಡ್ಡಿಯಂಥ ಸೆಲ್. ನಮ್ಮೂರಿನ ದೇವಿಕೆರೆಯ ಸುತ್ತಲಿನ ನಾಲ್ಕು ಅಂಗಡಿಗಳಲ್ಲಿ ಕೇಳಿದೆ. ಎಲ್ಲರೂ ಮೂರು ಎ ಸೆಲ್ಲನ್ನೇ ಮುಂದಿಟ್ಟರು. “ಅಕ್ಕೋರೇ, ಇದಕ್ಕಿಂತ ಸಣ್ಣ ಸೆಲ್ ಬರೋದೇ ಇಲ್ಲ” ಎಂದು ಒಬ್ಬರು ಖಾತ್ರಿಯಾಗಿ ಹೇಳಿ ಕಳಿಸಿದರು. ಅದರ ದಪ್ಪ 10.5 ಮಿ.ಮೀ., ಪೆನ್ನಿನೊಳಗೆ ಇಳಿಯುವುದಿಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು 9 ವೋಲ್ಟಿನ ಚೌಕ ಬ್ಯಾಟರಿಯೊಂದನ್ನು ಬಿಚ್ಚಿ ಅದರೊಳಗಿದ್ದ ಆರು ಸಪೂರ ಸೆಲ್ಲುಗಳನ್ನು ತೋರಿಸಿದರು. ಹೆಚ್ಚುಕಡಿಮೆ ಇದೇ ಅಳತೆ, ಆದರೆ ತುಸು ಗಿಡ್ಡ. ತಗಡು ಕೈ ಕೊಯ್ಯುವಷ್ಟು ಚೂಪು, ಯಾರೂ ಆ ದಾರಿ ಹಿಡಿಯುವುದು ಬೇಡ. ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ. ಅದು ಬರುವವರೆಗೆ ಎಂಟು ದಿನ ಸೀಮೆಸುಣ್ಣವೇ ಗತಿಯಾಯಿತು.

ಇದೆಲ್ಲ ಮುಗಿದ ಮೇಲೆ ಓದಿ ತಿಳಿದುಕೊಂಡದ್ದನ್ನು ಕೊಳ್ಳುವ ಮೊದಲೇ ತಿಳಿದಿದ್ದರೆ ನನ್ನ ಆಯ್ಕೆಯೇ ಬೇರೆಯಾಗುತ್ತಿತ್ತು. ಸೆಲ್ಲೇ ಬೇಡದ ಪೆನ್ನುಗಳಿವೆ. ವಾಕೋಮ್ ಕಂಪನಿಯ ವಿದ್ಯುತ್ಕಾಂತೀಯ ಅನುರಣನದ ವಿಧಾನದಲ್ಲಿ ಪರದೆಯ ಹಿಂದಿನ ಹಲಗೆ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ, ಪೆನ್ನಿನೊಳಗಿನ ತಂತಿಯ ಸುರುಳಿ ತನಗೆ ಬೇಕಾದ ಶಕ್ತಿಯನ್ನು ಅದರಿಂದಲೇ ಪಡೆಯುತ್ತದೆ. ಸ್ಯಾಮ್‌ಸಂಗ್ ಟ್ಯಾಬ್ಲೆಟ್ಟುಗಳ ಎಸ್ ಪೆನ್ ಬರೆಯುವುದು ಈ ವಿಧಾನದಲ್ಲೇ. ಮುಂದಿನ ಸಲ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಪೆನ್ನಿಗೆ ಸೆಲ್ ಬೇಕೆ, ಬೇಕಾದರೆ ಅದು ನನ್ನ ಊರಿನಲ್ಲಿ ಸಿಗುತ್ತದೆಯೆ?

ಹೊಸ ಸೆಲ್ ಹಾಕಿದ ದಿನ ಗೀಟುಗಳು ಮರಳಿ ಬಂದವು, ನನ್ನ ಸಿಟ್ಟೂ ಇಳಿಯಿತು. ಆದರೂ ಧಕಾರ ಒಮ್ಮೊಮ್ಮೆ ತಪ್ಪುತ್ತಿತ್ತು. ಅದಕ್ಕೆ ಕಾರಣ ಪೆನ್ನಿನ ಪ್ಲಾಸ್ಟಿಕ್ ಮೊನೆ. ಕಾಗದದ ಮೇಲೆ ಬರೆದಂತಿರಲಿ ಎಂದು ಪರದೆಗೆ ಅಂಟಿಸಿದ್ದ ತರಿತರಿ ಹಾಳೆ ಅದನ್ನು ಅರದಂತೆ ಸವೆಸಿ ಚಪ್ಪಟೆ ಮಾಡಿತ್ತು. ಹಾಳೆ ಕಿತ್ತು ಮೊನೆ ಬದಲಿಸಿದೆ. ಆ ಮೊನೆಗೆ ಈಗ ಒಂದೂವರೆ ವರ್ಷ, ಇನ್ನೂ ಉರುಟಾಗಿಯೇ ಇದೆ. ಪುಟದ ಗೆರೆಗಳ ಅಂತರವನ್ನು ಅತಿ ಅಗಲಕ್ಕೆ ಇಟ್ಟುಕೊಂಡ ಮೇಲೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುವುದೂ ನಿಂತಿತು. ಟಿಪ್ಪಣಿಯ ತಂತ್ರಾಂಶ ನನ್ನ ಕನ್ನಡ ಕೈಬರಹವನ್ನು ಓದಿ ಹುಡುಕಿ ಕೊಡುವುದಿಲ್ಲ. ಅದಕ್ಕಾಗಿ ಪ್ರತಿ ಪುಟದ ತಲೆಬರಹವನ್ನು ಮಾತ್ರ ಕೀಲಿಮಣೆಯಿಂದ ಕನ್ನಡದಲ್ಲಿ ಟೈಪ್ ಮಾಡುತ್ತೇನೆ. ‘ಸಮಾಂತರ ಶ್ರೇಢಿ’ ಎಂದು ಹುಡುಕಿದರೆ ಮೂರು ಶೈಕ್ಷಣಿಕ ವರ್ಷಗಳ ತರಗತಿಯ ಪುಟಗಳೂ ಸಾಲಾಗಿ ಬರುತ್ತವೆ.

ಇಷ್ಟಾದರೂ ಎಂಟು, ಒಂಬತ್ತನೆಯ ತರಗತಿಯ ಮಗುವಿಗೆ ಇದನ್ನು ಕೊಡಿಸಿ ಎಂದು ಪೋಷಕರಿಗೆ ನಾನು ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ 80 ಅಂಕಗಳ ಉತ್ತರವನ್ನು ಕಾಗದದ ಮೇಲೆಯೇ ಬರೆಯಬೇಕು, ಕೈವಾರ ಹಿಡಿದ ಬೆರಳಿಗೆ ಅಭ್ಯಾಸವಾಗುವುದೂ ಕಾಗದದ ಮೇಲೆಯೇ. ಕಲಿಸುವವರಿಗೆ ಮತ್ತು ಕಾಲೇಜಿನಲ್ಲಿ ಪುಟಗಟ್ಟಲೆ ಸಮೀಕರಣ ಬರೆದುಕೊಳ್ಳುವವರಿಗೆ ಇದು ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ. ಸೆಕೆಂಡ್ ಹ್ಯಾಂಡ್ ನೋಡುವವರು ಯಂತ್ರ ವಿಂಡೋಸ್ 11ಕ್ಕೆ ಏರುತ್ತದೆಯೇ ಎಂದು ಮೊದಲು ವಿಚಾರಿಸಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಕಳೆದ ತಿಂಗಳು ನಮ್ಮ ಶಾಲೆಯ ಇಂಗ್ಲಿಷ್ ಟೀಚರ್ ತಮಗೂ ಒಂದು ಬೇಕೆಂದಾಗ ಜೊತೆಯಲ್ಲಿ ಹುಬ್ಬಳ್ಳಿಯವರೆಗೆ ಹೋಗಿ ಬಂದೆ. ಅಂಗಡಿಯಲ್ಲಿಟ್ಟಿದ್ದ ಮೂರು ಯಂತ್ರಗಳ ಮೇಲೂ ಪೆನ್ನನ್ನು ಒತ್ತದೆ, ಹಗುರವಾಗಿ, ‘ಧನ ಪೂರ್ಣಾಂಕ’ ಎಂದು ಹತ್ತು ಹತ್ತು ಸಲ ಬರೆದು ಧಕಾರದ ಗೀಟುಗಳನ್ನು ಎಣಿಸಿದೆವು. ಒಂದರಲ್ಲಿ ಏಳು ಬಿದ್ದವು, ಒಂದರಲ್ಲಿ ಒಂಬತ್ತು. ಹತ್ತಕ್ಕೆ ಹತ್ತೂ ಬಿದ್ದದ್ದು ಸೆಲ್ ಇಲ್ಲದ ಪೆನ್ನಿನದು. ಅದನ್ನೇ ಕಟ್ಟಿಸಿಕೊಂಡು ಸಂಜೆಯ ಬಸ್ಸಿಗೆ ಮರಳಿದೆವು.